ಕೊನೆಯ ಒಂದು ಗೇಣು ತಗಡು

ಬಿಸಿಲು ಏರುವ ಹೊತ್ತಿಗೆ ಗೋಡೆಗೆ ಒರಗಿಸಿಟ್ಟ ಅಲ್ಯೂಮಿನಿಯಂ ತಗಡು ಕಾದು ಹಿಗ್ಗಿ ಒಮ್ಮೆ ಡಬ್ ಎನ್ನುತ್ತದೆ. ನನ್ನ ಗಂಡ ತೀರಿಕೊಂಡ ಮೇಲೆ ಹಲವು ವಾರ ನಾನು ಆ ಸದ್ದಿಗೆ ಅಡುಗೆಮನೆಯಿಂದ "ಬಂದೆ ಬಂದೆ" ಎಂದು ಓಗೊಟ್ಟಿದ್ದೇನೆ. ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ತಗಡಿನ ಮೇಲೆ ಒಂದು ಸಲ ಬಡಿದರೆ ನಾನು ಹೋಗಿ ಅದರ ಇನ್ನೊಂದು ತುದಿ ಹಿಡಿಯಬೇಕು ಎಂದು ಅರ್ಥ.

ಹಾರೂಗೇರಿಯಲ್ಲಿ ರಾಯಬಾಗದ ರಸ್ತೆಗೆ ನಮ್ಮ ವೆಲ್ಡಿಂಗ್ ಅಂಗಡಿ, ಅದರ ಬೆನ್ನಿಗೆ ಮನೆ. ಕಬ್ಬಿಣದ ಕೆಲಸ ಎಲ್ಲರೂ ಮಾಡುತ್ತಿದ್ದರು. ಅಲ್ಯೂಮಿನಿಯಂ ಬೆಸೆಯುವವರು ಆಗ ಸುತ್ತಲಲ್ಲಿ ಕಡಿಮೆ. ಸೀಳಿದ ಹಾಲಿನ ಕ್ಯಾನುಗಳು ಅಥಣಿ, ಚಿಕ್ಕೋಡಿಯಿಂದಲೂ ನಮ್ಮಲ್ಲಿಗೆ ಬರುತ್ತಿದ್ದವು.

ಬೆಸುಗೆ ಕೆಡುವುದು ಕತ್ತರಿಸುವಾಗಲೇ ಎನ್ನುತ್ತಿದ್ದರು ಅವರು. ಒಮ್ಮೆ ಒಬ್ಬ ಗಿರಾಕಿ, ಕಬ್ಬಿಣದಂತೆ ಇದನ್ನೂ ಗ್ಯಾಸಿನಲ್ಲೇ ಯಾಕೆ ಕೊಯ್ಯುವುದಿಲ್ಲ ಎಂದು ಕೇಳಿದ. ಇವರು ತಗಡಿನ ಒಂದು ಚೂರಿಗೆ ಗ್ಯಾಸಿನ ಉರಿ ಹಿಡಿದು ತೋರಿಸಿದರು. ಬಣ್ಣ ಬದಲಾಗಲೇ ಇಲ್ಲ. ನೋಡುತ್ತಿದ್ದಂತೆ ಚೂರು ಕುಸಿದು ನೆಲಕ್ಕೆ ಬಿತ್ತು.

"ನೋಡ್ರಿ, ಕಬ್ಬಿಣ ಕೆಂಪ ಆಗಿ ಹೇಳಿ ಸಾಯತೈತಿ. ಇದು ಹೇಳೂದಿಲ್ಲ," ಎಂದು ನಕ್ಕರು.

ಉಳಿದವು ಗ್ರೈಂಡರ್ ಮತ್ತು ಕತ್ತರಿ. ಗ್ರೈಂಡರಿನ ಚಕ್ರ ದಿನವಿಡೀ ಕಬ್ಬಿಣ ತಿಂದಿರುತ್ತದೆ. ಅದರ ಧೂಳು ಮೆತ್ತನೆಯ ಅಲ್ಯೂಮಿನಿಯಂ ಅಂಚಿನಲ್ಲಿ ಹೂತುಕೊಳ್ಳುತ್ತದೆ. ಬೆಸೆದರೆ ಅಲ್ಲಿ ಕರಿ ಚುಕ್ಕೆ, ಸೂಜಿಮೊನೆಯಂಥ ತೂತು. ಹಾಲು ಅದರಲ್ಲಿ ಕೂತು ಹುಳಿಯುತ್ತದೆ. ಹೀಗಾಗಿ ಅವರದು ದೊಡ್ಡ ಕತ್ತರಿ. ಒಂದು ಹಿಡಿಕೆಯನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ ಇನ್ನೊಂದನ್ನು ಮೈಭಾರ ಹಾಕಿ ಒತ್ತುವುದು. ತಿರುಚಿದ ಅಂಚನ್ನು ಮರದ ಸುತ್ತಿಗೆಯಿಂದ ಬಡಿದು ಸಮ ಮಾಡುವುದು. ನಿಧಾನದ ಕೆಲಸ. ಅಂಚು ಮಾತ್ರ ಹೊಳೆಯುತ್ತಿತ್ತು.

ತೊಂಬತ್ತರ ದಶಕದ ಆರಂಭ. ಪಾಲಬಾವಿಯ ಜೈನ ರೈತರೊಬ್ಬರು ಮನೆಮನೆಯ ಹಾಲು ಕೂಡಿಸಿ ಮೋಟಾರ್‌ಸೈಕಲ್ಲಿನಲ್ಲಿ ಒಯ್ಯುತ್ತಿದ್ದರು. ಅವರಿಗೊಂದು ದೊಡ್ಡ ಡಬ್ಬಿ ಬೇಕಾಗಿತ್ತು. ತಗಡು ಎಂದಿಗಿಂತ ದಪ್ಪನೆಯದು. ಮಧ್ಯಾಹ್ನ ಊಟವಾದ ಮೇಲೆ ಡಬ್ ಎಂದಿತು, ನಾನು ಹೋದೆ. ಅವರು ಗೆರೆ ಎಳೆದಿಟ್ಟು ಎಡ ಭುಜ ತಿಕ್ಕಿಕೊಳ್ಳುತ್ತ ನಿಂತಿದ್ದರು.

"ಇವತ್ತ ಗ್ರೈಂಡರ್ ಹಚ್ಚಿ ಕೊಯ್ದಬಿಡ್ಲೇನ?" ಎಂದು ನನ್ನನ್ನು ಕೇಳಿದರು.

ಮದುವೆಯಾದ ಹದಿಮೂರು ವರ್ಷದಲ್ಲಿ ಹಾಗೆ ಕೇಳಿದ್ದು ಅದೊಂದೇ ಸಲ.

"ಅವ್ವಾ! ಊರಿಗೆಲ್ಲಾ ಶಾಸ್ತ್ರಾ ಹೇಳಾವ್ರಿಗೆ ಮೈಗಳ್ಳತನ ಬಂತಲ್ರಿ," ಎಂದೆ. "ನಾಳೆ ಹಾಲ ಸೋರಿದ್ರ ಪಾಲಬಾವಿ ಅಣ್ಣಾರು ಬಂದು ಏನ್ರಿ ವೈನಿ ಅಂತ ನನ್ನ ಬೈತಾರ, ನಿಮ್ಮನ್ನಲ್ಲ."

ಅವರು ನಕ್ಕರು. "ಹಿಡಿ ಹಂಗಾರ," ಎಂದು ಕತ್ತರಿಗೆ ಕೈ ಹಾಕಿದರು.

ಕೊನೆಯ ಒಂದು ಗೇಣು ಉಳಿದಾಗ ನಿಲ್ಲಿಸಿದರು. ಚಹಾ ಇಡು ಎಂದರು. ಒಲೆ ಹೊತ್ತಿಸುವಷ್ಟರಲ್ಲಿ ತಗಡು ನೆಲಕ್ಕೆ ಬಿದ್ದ ಸದ್ದು ಬಂತು. ಆಸ್ಪತ್ರೆಗೆ ಒಯ್ದ ಜೀಪು ಚಿಕ್ಕೋಡಿ ಮುಟ್ಟುವ ಮೊದಲೇ ಅವರು ಹೋಗಿದ್ದರು. ಹೃದಯ ಮೊದಲೇ ಸೋತಿರಬೇಕು, ಯಾವತ್ತಾದರೂ ಆಗುವುದಿತ್ತು ಎಂದರು ಡಾಕ್ಟರು. ಬಂದವರೆಲ್ಲ ನನಗೆ ಅದನ್ನೇ ಹೇಳಿದರು. ಅವರು ಗ್ರೈಂಡರ್ ಕೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಪಾಲಬಾವಿಯವರು ಬಂದರು. ಡಬ್ಬಿಯ ಮಾತು ತೆಗೆಯದೆ ಬಾಗಿಲಲ್ಲೇ ನಿಂತು ನೀರು ಕುಡಿದರು. ಅವರ ಕಣ್ಣು ಎರಡು ಸಲ ಆ ಅರೆಕತ್ತರಿಸಿದ ತಗಡು ಒರಗಿದ್ದ ಗೋಡೆಯ ಕಡೆ ಹೋಯಿತು. ಮರುದಿನ ನಾನು ಮೈದುನನಿಗೆ ಹೇಳಿ ಕಳಿಸಿದೆ. ಅವನು ಅಣ್ಣನ ಕೈಕೆಳಗೆ ಕಲಿತು ರಾಯಬಾಗದಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಮಾಡುತ್ತಿದ್ದ. ಬಂದವನೇ ಗ್ರೈಂಡರಿನ ವೈರು ಬಿಚ್ಚತೊಡಗಿದ.

"ಅದನ್ನ ಹಚ್ಚಬ್ಯಾಡ," ಎಂದೆ.

"ವೈನಿ, ಉಳಿದಿದ್ದು ಒಂದ ಗೇಣ ಐತಿ. ಎರಡ ಮಿನಿಟಿನ ಕೆಲಸ."

"ನಾ ಒತ್ತತೀನಿ. ನೀ ಹಿಡಿ."

ಅಲ್ಲಿಯವರೆಗೆ ನಾನು ತುದಿ ಹಿಡಿದವಳೇ ಹೊರತು ಕತ್ತರಿ ಒತ್ತಿದವಳಲ್ಲ. ಕತ್ತರಿಯ ಬಾಯಿ ತೆರೆದು, ತಗಡಿನಲ್ಲಿ ಅವರು ನಿಲ್ಲಿಸಿದಲ್ಲಿಗೆ ಕೂರಿಸಿದೆ. ಆಗಲೇ ಕಂಡದ್ದು: ಕಡೆಯ ನಾಲ್ಕು ಬೆರಳು ಉದ್ದ ಅವರ ಕತ್ತರಿ ಗೆರೆ ಬಿಟ್ಟು ಸರಿದಿತ್ತು. ಅವರ ಗೆರೆ ಎಂದೂ ತಪ್ಪುತ್ತಿರಲಿಲ್ಲ. ನಾನು ಎದುರಿಗೇ ನಿಂತಿದ್ದೆ, ಆ ದಿನ ನೋಡಿರಲಿಲ್ಲ.

ಮೈಯೆಲ್ಲ ಭಾರ ಹಾಕಿದೆ. ತಗಡು ಕಾಳಿನಷ್ಟು ಸೀಳಿತು. ಮತ್ತೆ ಒತ್ತಿದೆ. ಹೆಗಲಿನಿಂದ ಮೊಣಕೈವರೆಗೆ ಉರಿ ಇಳಿಯಿತು, ಉಸಿರು ಎದೆಯಲ್ಲಿ ಸಿಕ್ಕಿಕೊಂಡಿತು. ಒಂದು ಬೆರಳಗಲ ಸಾಗಿರಬೇಕು. ಅಷ್ಟಕ್ಕೇ ನನ್ನ ಕೈ ಸತ್ತಿತು. ಅವರು ಮೂರು ಮೊಳ ಕತ್ತರಿಸಿದ್ದರು, ಭುಜದಲ್ಲಿ ಆ ನೋವು ಇಟ್ಟುಕೊಂಡು.

"ಅವರು ಆ ದಿನ ಗ್ರೈಂಡರ್ ಕೇಳಿದ್ರು," ಎಂದೆ. "ನಾನ ಬ್ಯಾಡ ಅಂದೆ. ಮೈಗಳ್ಳ ಅಂದೆ."

ಮೈದುನ ತಗಡು ಬಿಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಈಗೇನ ಮಾಡ್ಲಿ ವೈನಿ?" ಎಂದ.

"ಗ್ರೈಂಡರ್ ಹಚ್ಚು."

ಕಿಡಿ ಹಾರದೆ, ಬರಿ ಕಿರುಚುತ್ತ ಚಕ್ರ ಆ ಗೇಣನ್ನು ದಾಟಿತು. ಎರಡು ಮಿನಿಟೂ ಹಿಡಿಯಲಿಲ್ಲ.

ಬೆಸೆದಾಗ ಅವರು ಕತ್ತರಿಸಿದಷ್ಟು ಉದ್ದ ಬಿಳಿಯಾಗಿ ಕೂತಿತು. ಉಳಿದ ಗೇಣಿನಲ್ಲಿ ಅವರು ಹೇಳುತ್ತಿದ್ದಂತೆಯೇ ಕರಿ ಚುಕ್ಕೆ ಎದ್ದವು. ಮೈದುನ ಅದನ್ನು ಅರದಿಂದ ಕೆರೆದು, ಉಜ್ಜಿ, ಮತ್ತೆರಡು ಸಲ ತುಂಬಿದ. ಸೋರುತ್ತದೆಯೇ ಎಂದು ಸುರಿದ ನೀರು ಮೂರನೆಯ ಸಲ ನಿಂತಿತು. ಆ ಜಾಗ ಮಾತ್ರ ಮಾಗಿದ ಗಾಯದಂತೆ ಉಬ್ಬಿಯೇ ಉಳಿಯಿತು.

ಪಾಲಬಾವಿಯವರು ಆ ಡಬ್ಬಿಯಲ್ಲಿ ವರ್ಷಗಟ್ಟಲೆ ಹಾಲು ಒಯ್ದರು. ಹೊತ್ತೇರಿದ ಮೇಲೆ ಖಾಲಿ ಡಬ್ಬಿ ಕಟ್ಟಿಕೊಂಡು ಬಂದು, ನಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಉಬ್ಬಿದ ಗೇಣು ಮನೆಯ ಕಡೆಗೇ ಇರುತ್ತಿತ್ತು. ಬಿಸಿಲಿಗೆ ಕಾದು ಅದು ಒಮ್ಮೆ ಡಬ್ ಎನ್ನುತ್ತಿತ್ತು. ನಾನು ಓಗೊಡುವುದನ್ನು ಬಿಟ್ಟಿದ್ದೆ. ಕೈಯಲ್ಲಿದ್ದುದನ್ನು ಕೆಳಗಿಟ್ಟು, ಹೊರಗೆ ಬಂದು, ಗಾಡಿ ಹೋಗುವವರೆಗೆ ಆ ತುದಿಯ ಹತ್ತಿರ ನಿಂತಿರುತ್ತಿದ್ದೆ.