ತಂಗಿಯ ಗಂಡನ ಚೀಟಿಯಲ್ಲಿ ಮೇಸ್ತ್ರಿಯ ಉಸಿರು

ನೂಲಿನ ಗಿರಣಿಯಲ್ಲಿ ಹತ್ತಿ ಹಿಂಜುವ ವಿಭಾಗದ ಮೇಸ್ತ್ರಿಗೆ ‘ಕುಲುಮೆಯ ತಿದಿ’ ಎಂಬ ಅಡ್ಡಹೆಸರಿತ್ತು. ಯಂತ್ರಗಳ ಗದ್ದಲವನ್ನು ಮೀರಿಸಿ ಕೂಗಬಲ್ಲವರು ಅವರೊಬ್ಬರೇ. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದು ಸುಳ್ಳು ಹಾಜರಿಯನ್ನೂ ಬರೆಯದವರು ಎಂಬ ಹೆಸರೂ ಇತ್ತು. ಆ ಹೆಸರಿಗೆ ಅವರು ಅರ್ಹರಲ್ಲವೆಂದು ಬಲ್ಲವರು ಇಬ್ಬರೇ: ಸ್ವತಃ ಅವರು ಮತ್ತು ಅವರ ಕೈಕೆಳಗೆ ದುಡಿಯುತ್ತಿದ್ದ ತಂಗಿಯ ಗಂಡ.

ತಂಗಿಯ ಗಂಡನಿಗೆ ವಾರದ ರಜೆ ಮುಗಿಸಿ ಬಂದ ದಿನವೇ ಎದೆ ಬಿಗಿಯುತ್ತಿತ್ತು. ವಾರದ ಕೊನೆಗೆ ಸಡಿಲುತ್ತಿತ್ತು.

“ರಜೆ ಮುಗೀತು ಅಂತ ನಿಮ್ಮ ಎದೆಗೂ ಬೇಜಾರಾ?” ಎಂದು ಮೇಸ್ತ್ರಿ ಛೇಡಿಸುತ್ತಿದ್ದರು.

ಹತ್ತಿಯ ಧೂಳು ಶ್ವಾಸಕೋಶವನ್ನು ಕೆಡಿಸತೊಡಗಿದಾಗ ಕಾಣುವ ಮೊದಲ ಸೂಚನೆ ಅದೇ ಎಂದು ವಿಭಾಗದ ಗೋಡೆಯ ಮೇಲಿನ ಹಾಳೆಯಲ್ಲಿ ಅಚ್ಚಾಗಿತ್ತು. ಆ ಹಾಳೆಯನ್ನು ಅಂಟಿಸಿದವರೂ ಮೇಸ್ತ್ರಿಯೇ.

ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ. ಹೆಸರಿನ ಚೀಟಿ ತೋರಿಸಿ, ಕೊಳವೆಯೊಳಕ್ಕೆ ಶಕ್ತಿಯಿದ್ದಷ್ಟೂ ಊದಬೇಕು. ಅಂಕಿ ಇಳಿದವನಿಗೆ ಧೂಳಿಲ್ಲದ ಕೆಲಸ ಕೊಡಬೇಕೆಂಬುದು ನಿಯಮ. ಗೇಟಿನಾಚೆ ಕಳಿಸುವುದು ರೂಢಿ. ಈ ಅನ್ಯಾಯವನ್ನು ಖಂಡಿಸಿ ಯಾರೂ ಒಂದು ಸಾಲು ಬರೆಯಲಿಲ್ಲ; ಮೇಸ್ತ್ರಿಯೂ ಬರೆಯಲಿಲ್ಲ. ಅವರು ಮಾಡಿದ್ದು ಬೇರೆ.

“ಭಾವ, ಈ ಸಲ ನನ್ನ ಕೈಲಾಗಲ್ಲ. ಮಕ್ಕಳು ಇನ್ನೂ ಓದ್ತಿದಾರೆ.”

“ಚೀಟಿ ಇಲ್ಲಿ ಕೊಡಿ.”

ಇಬ್ಬರ ವಯಸ್ಸೂ ಎತ್ತರವೂ ಹೆಚ್ಚುಕಡಿಮೆ ಒಂದೇ. ಹೊರಗಿನಿಂದ ಬರುತ್ತಿದ್ದ ಪರೀಕ್ಷಕ ಚೀಟಿ ನೋಡುವವನೇ ಹೊರತು ಮುಖ ನೋಡುವವನಲ್ಲ. ಮೇಸ್ತ್ರಿ ಊದಿದರು. “ಭೇಷ್, ಇನ್ನೂ ಇಪ್ಪತ್ತು ವರ್ಷ ದುಡೀತೀರಿ!” ಎಂದ ಅವನು. ಮರುವರ್ಷವೂ ಊದಿದರು, ಅದರ ಮರುವರ್ಷವೂ.

ನಾಲ್ಕನೆಯ ವರ್ಷ ತಂಗಿಯ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೂ ನಡುವೆ ನಿಂತು ಉಸಿರೆಳೆದುಕೊಳ್ಳತೊಡಗಿದರು. ತಂಗಿಯೂ ಸೇರಿ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರು ಅಂದಿನ ಅಂಕಿಯ ಪಕ್ಕದಲ್ಲಿ ಗಿರಣಿಯ ಮೂರು ಹಾಳೆಗಳನ್ನಿಟ್ಟುಕೊಂಡರು.

“ಹೋದ ವರ್ಷದವರೆಗೂ ಚೆನ್ನಾಗೇ ಇದೆ. ಧೂಳಿನಿಂದ ಒಂದೇ ವರ್ಷಕ್ಕೆ ಇಷ್ಟು ಇಳಿಯಲ್ಲ. ಬೇರೇನೋ ಇರಬೇಕು. ಶ್ವಾಸಕೋಶದ ಒಂದು ಚೂರು ತೆಗೆದು ನೋಡೋಣ.”

“ಕಲ್ಲಿನ ಹಾಗಿದ್ರು ಡಾಕ್ಟ್ರೇ,” ಎಂದಳು ತಂಗಿ. “ಅಣ್ಣನ್ನೇ ಕೇಳಿ.”

ತಂಗಿಯ ಗಂಡ ಮೇಸ್ತ್ರಿಯತ್ತ ನೋಡಿ, ಬೇಡವೆಂದು ಮೆಲ್ಲಗೆ ತಲೆಯಾಡಿಸಿದರು. ಮೇಸ್ತ್ರಿ ಗಿರಣಿಯ ಹಾಳೆಗಳತ್ತ ಬೆರಳು ತೋರಿಸಿದರು.

“ಆ ಮೂರೂ ಪಕ್ಕಕ್ಕಿಡಿ ಡಾಕ್ಟ್ರೇ. ಊದಿದ್ದು ನಾನು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಎದೆ ಬಿಗಿಯೋದು ಶುರುವಾಗಿದ್ದು ಯಾವಾಗ?”

“ನಾಲ್ಕು ವರ್ಷ ಆಯ್ತು,” ಎಂದರು ತಂಗಿಯ ಗಂಡ. “ಆಗೆಲ್ಲ ರಜೆ ಮುಗಿದ ದಿನ ಮಾತ್ರ.”

“ಆಗಲೇ ಧೂಳು ಬಿಡಿಸಿದ್ರೆ ಬಹುಶಃ ಅಲ್ಲಿಗೇ ನಿಲ್ಲಿಸಬಹುದಿತ್ತು. ಈಗ ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳೋಣ.” ಚೂರು ತೆಗೆಯಲು ಬರೆದಿದ್ದ ಸಾಲನ್ನು ಅವರು ಹೊಡೆದುಹಾಕಿದರು.

ತಂಗಿ ಗಂಡನ ಅಂಗಿಯ ಗುಂಡಿಗಳನ್ನು ಹಾಕತೊಡಗಿದಳು. ಕೊನೆಯ ಗುಂಡಿಗೆ ಬಂದಾಗ, ತಲೆಯೆತ್ತದೆ ಕೇಳಿದಳು:

“ನೀನು ಊದ್ತಿರುವಾಗ ಇವರೆಲ್ಲಿದ್ರು ಅಣ್ಣ?”

“ಹೊರಗೆ,” ಎಂದರು ಮೇಸ್ತ್ರಿ. “ಗೋಡೆಗೆ ಒರಗಿ ಕೆಮ್ತಾ ಇದ್ರು. ಒಳಗೆ ನನಗೆ ಕೇಳಿಸ್ತಿತ್ತು.”