ಸರ್ ಕಿತ್ತ ಗುರೆಳ್ಳಿನ ಸಾಲು

ಮೊನ್ನೆ ಗುರೆಳ್ಳು ಹುರಿಯುತ್ತಿದ್ದೆ. ಕಾಳು ಚಟಪಟ ಸಿಡಿದು ಆ ವಾಸನೆ ಪಡಸಾಲೆಯವರೆಗೂ ಹೋಯಿತು. ಒಲೆಯ ಮುಂದೆ ಒಬ್ಬಳೇ ನಕ್ಕೆ. ನಮ್ಮ ಇತಿಹಾಸದ ಸರ್ ನೆನಪಾಗಿದ್ದರು...

ಸವಣೂರಿನ ಪೇಟೆಯಲ್ಲಿ ಬೆಳೆದವರು. ದಿನಾಲೂ ಬಸ್ಸಿನಲ್ಲಿ ಹಿರೇಬೆಂಡಿಗೇರಿಗೆ ನಮ್ಮ ಸಾಲಿಗೆ ಪಾಠ ಹೇಳಲು ಬರುತ್ತಿದ್ದರು. ನಾನು ಒಂಬತ್ತನೇ ಇಯತ್ತೆ. ಎರಡನೇ ಮಹಾಯುದ್ಧದಲ್ಲಿ ಹಾಳಾದ ಯುರೋಪಿಗೆ ಅಮೆರಿಕ ಹಡಗುಗಟ್ಟಲೆ ಗೋಧಿ, ಯಂತ್ರ, ರೊಕ್ಕ ಕಳಿಸಿದ ಪಾಠ ಮುಗಿಸಿ, ಒಂದು ದಿನ ಪುಸ್ತಕ ಮುಚ್ಚಿದರು.

"ಆ ಸಹಾಯ ಬರಲೇ ಇಲ್ಲ ಅಂತ ತಿಳ್ಕೋರಿ. ಏನಾಗ್ತಿತ್ತು?"

"ಉಪಾಸ ಸಾಯ್ತಿದ್ರು ಸರ್," ಅಂದೆ ನಾನು.

"ಮುಯ್ಯಿ ಮಾಡ್ಕೊಂಡು ಏಳ್ತಿದ್ರು ಸರ್," ಅಂದಳು ಪಕ್ಕದ ಗೆಳತಿ.

ಎಲ್ಲರೂ ನಕ್ಕರು. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ, ಇದು ನಮ್ಮ ಕಡೆಯ ಮುಯ್ಯಿ. ಪೇಟೆಯ ಸರ್ ಮಾತ್ರ ನಗದೆ, ಅದೇನೆಂದು ಬಿಡಿಸಿ ಬಿಡಿಸಿ ಕೇಳಿಕೊಂಡರು.

ಅದೇ ವಾರ ಗಾಳಿಮಳೆಗೆ ನಮ್ಮ ಕೋಣೆಯ ಹಂಚು ಹಾರಿಹೋದವು. ದುರಸ್ತಿಗೆ ಸರ್ಕಾರದ ಸಹಾಯ ಬರುತ್ತದೆ ಎಂದರು. ನಾವು ಹುಣಸೆ ಗಿಡದ ಬುಡಕ್ಕೆ ಹೋದೆವು. ಅಪ್ಪ ಸ್ವಲ್ಪ ದಿನ ನೋಡಿದ.

"ಗಿಡದ ಬುಡಕ ಕುಂದ್ರಾಕ ಸಾಲಿ ಯಾಕ ಬೇಕ? ಹೊಲಕ್ಕರ ಬಾ. ಸೂರು ಬಂದಾಗ ನೋಡೂಣಂತ."

ಹಾಗೆಯೇ ಒಮ್ಮೆ ಬಿಟ್ಟ ಅಕ್ಕ ಮತ್ತೆ ಸಾಲಿಯ ಮುಖ ನೋಡಿರಲಿಲ್ಲ. ಅಳುತ್ತ ಸರ್‌ಗೆ ಹೇಳಿದೆ. ಸಂಜೆ ಅವರು ಬಸ್ಸು ಬಿಟ್ಟು ನಮ್ಮ ಮನೆಗೆ ಬಂದರು.

"ಯಜಮಾನ್ರ, ಸೂರು ನಾವ ಹಾಕ್ಕೋತೇವಿ. ನೀವು ಒಂದಿನ ಮುಯ್ಯಿ ಬರ್ರಿ. ನಿಮ್ಮ ಹೊಲಕ್ಕ ನಾವು ಬರ್ತೇವಿ, ನಾನೂ ಬರ್ತೇನಿ."

"ನಿಮ್ಮ ಕೈ ಎಂದಾದ್ರೂ ಕಸಾ ತಗಿಯೂ ಕುರ್ಪಿ ಹಿಡದಾವೇನ್ರಿ?"

"ಯುರೋಪಿನವ್ರೂ ಮೊದಲ ಹಿಡದಿರಲಿಲ್ಲ ಬಿಡ್ರಿ."

"ಅವ್ರು ಯಾವೂರವ್ರು?" ಅಂದ ಅಪ್ಪ. ಆದರೂ ಒಪ್ಪಿದ.

ಮನೆಮನೆಯಿಂದ ಹಳೇ ಹಂಚು ಬಂದವು. ಅಪ್ಪನೇ ತೊಲೆ ಏರಿ ಹೊದಿಸಿದ. ಮುಂದಿನ ಭಾನುವಾರ ಮುಯ್ಯಿ ತೀರಿಸಲು ನಮ್ಮ ಶೇಂಗಾದ ಹೊಲದಲ್ಲಿ ಕಸ ತೆಗೆಯಲು ಕುಂತೆವು. ಸರ್ ಎಲ್ಲರಿಗಿಂತ ಮುಂದೆ. ಶೇಂಗಾದ ನಡುನಡುವೆ ಅವ್ವ ಗುರೆಳ್ಳು ಬಿತ್ತಿದ್ದಳು. ಅದನ್ನೇ ಕಸವೆಂದು ತಿಳಿದು, ಒಂದಿಡೀ ಸಾಲನ್ನು ಚೊಕ್ಕಟವಾಗಿ ಕಿತ್ತು ಬದುವಿಗೆ ಒಟ್ಟಿದ್ದರು.

ಅವ್ವ ಸೊಂಟದ ಮೇಲೆ ಕೈಯಿಟ್ಟಳು. "ಸರ್ರ, ಕಸಾ ಬಿಟ್ಟು ಬೆಳಿ ಕಿತ್ತೀರಲ್ರಿ."

ಸರ್ ಕೈಯಲ್ಲಿದ್ದ ಗಿಡ ನೋಡಿಕೊಂಡರು. "ಹಂಗಾರ ಯುರೋಪು ಏಳೂದು ಇನ್ನೊಂದು ವರ್ಷ ತಡಾ ಆತು ಅನ್ರಿ ಅಕ್ಕಾರ."

ಬುತ್ತಿ ಉಣ್ಣುವಾಗ ಕೇಳಿದೆ, "ಅವ್ರಿಗೆ ಸಹಾಯ ಬ್ಯಾಡಾಗಿತ್ತೇನ್ರಿ ಸರ್?"

ರೊಟ್ಟಿ ಮುರಿಯುತ್ತ ಹೇಳಿದರು, "ಅದಿಲ್ದನೂ ಏಳ್ತಿದ್ರವ್ವಾ. ಆದ್ರ ತಡಾ ಆಗ್ತಿತ್ತು. ಅಷ್ಟರಾಗ ಅಲ್ಲೆ ನಿನ್ನಂಥಾ ಎಷ್ಟ್ ಹುಡುಗ್ಯಾರು ಸಾಲಿ ಬಿಡ್ತಿದ್ರೋ..."

ಸರ್ಕಾರದ ಸಹಾಯವೂ ಬಂತು. ಆಗ ನಾನು ಶಿಗ್ಗಾಂವಿಯಲ್ಲಿ ಕಾಲೇಜಿನಲ್ಲಿದ್ದೆ.

ಆ ಮುಯ್ಯಿಯ ವರ್ಷದಿಂದ ಪ್ರತಿ ವರ್ಷ ಸವಣೂರಿಗೆ ಗುರೆಳ್ಳು ಚಟ್ನಿ ಒಯ್ಯುತ್ತಿದ್ದೆ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಸರ್ ಕೇಳುತ್ತಿದ್ದರು, "ಇದು ನಾ ಕಿತ್ತ ಸಾಲಿಂದೇನು?"

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮೊನ್ನೆ ಪುಡಿ ಕುಟ್ಟಿ, ರೂಢಿಯಂತೆ ಎರಡು ಡಬ್ಬಿ ತುಂಬಿದ ಮೇಲೆ ಕೈ ನಿಂತಿತು... ಎರಡನೆಯದನ್ನು ದುಂಡಸಿಗೆ ಕಳಿಸಿದೆ. ಅವತ್ತು ಮುಯ್ಯಿ ಎಂದ ಗೆಳತಿ ಈಗ ಅಲ್ಲಿದ್ದಾಳೆ.

ಡಬ್ಬಿ ಮುಟ್ಟಿದ ಸಂಜೆ ಅವಳ ಫೋನು ಬಂತು. ಸುದ್ದಿ ಇಲ್ಲ, ಸಮಾಚಾರ ಇಲ್ಲ.

"ಇದು ಸರ್ ಕಿತ್ತ ಸಾಲಿಂದೇನ?" ಅಂದಳು.