ಜೋಗದ ಬೆನ್ನಿಗೆ ಕೂಲರು

ದೆಹಲಿಯಲ್ಲಿ ಕನ್ನಡಿಗನೊಬ್ಬ ಚಿತ್ರ ಬರೆಯುತ್ತಾನೆಂದು ಊರಿಗೆಲ್ಲ ಗೊತ್ತಾದರೆ ಅವನ ಕಥೆ ಮುಗಿದಂತೆಯೇ. ರಾಜ್ಯೋತ್ಸವದ ವೇದಿಕೆಯ ಹಿನ್ನೆಲೆ ಪರದೆ ಪ್ರತಿವರ್ಷ ಅವನ ತಲೆಗೇ ಬೀಳುತ್ತದೆ. ನಾನು ಹೊಟ್ಟೆಪಾಡಿಗೆ ಮಾನೇಸರಿನ ಕಾರ್ಖಾನೆಯೊಂದರಲ್ಲಿ ಕಾರಿನ ಬಾಗಿಲ ಹಿಡಿಕೆಯ ನಕ್ಷೆ ತೆಗೆಯುವವನು. ಅಲ್ಲಿ ಯಾರೂ ನನಗೆ ಬುದ್ಧಿ ಹೇಳುವುದಿಲ್ಲ. ಹಿಡಿಕೆ ಎಳೆದರೆ ಬಾಗಿಲು ತೆರೆಯಬೇಕು, ಅಷ್ಟೇ. ಚಿತ್ರದ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಪಂಡಿತರು.

ನಮ್ಮ ಸಂಘದ ಕಾರ್ಯದರ್ಶಿಗಳು ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು. ಕಡತಗಳಿಲ್ಲದೆ ಕೈ ಕಟ್ಟಿದಂತಾಗಿ, ಈಗ ನನ್ನ ಪರದೆಯ ಜಲಪಾತವನ್ನು ತಿದ್ದುತ್ತಾರೆ.

"ಈ ಸಲ ಜೋಗ ಸ್ವಲ್ಪ ಎಡಕ್ಕಿರ್ಲಿ. ಹೋದ್ಸಲ ಮುಖ್ಯ ಅತಿಥಿಗಳ ತಲೆ ಮೇಲೇ ನೀರು ಬಿದ್ದ ಹಾಗೆ ಕಾಣ್ತಿತ್ತು," ಎಂದರು.

ನಾನು ಚಳ್ಳಕೆರೆ ಕಡೆಯವನು. ಜೋಗವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಅವರಿಗೆ ಬೇಕಿದ್ದದ್ದೂ ಕ್ಯಾಲೆಂಡರಿನ ಜೋಗವೇ. ಎಲ್ಲ ವರ್ಷಕ್ಕೂ ಅದೇ ಒಂದು ದಪ್ಪ ಕ್ಯಾನ್‌ವಾಸು. ಹಳೆಯ ಜೋಗಕ್ಕೆ ಸುಣ್ಣ ಬಳಿದಂತೆ ಬಿಳಿ ಬಳಿದು ಅದರ ಮೇಲೆ ಹೊಸ ಜೋಗ ಬರೆಯುತ್ತಿದ್ದೆ. ಹೆಂಡತಿಗೆ ತೋರಿಸಿದರೆ ಚಪಾತಿ ಲಟ್ಟಿಸುತ್ತಲೇ "ಚೆನ್ನಾಗಿದೆ" ಅನ್ನುತ್ತಿದ್ದಳು. ಬರೆಯುವ ಮೊದಲೇ ತೋರಿಸಿದ್ದರೂ ಅದನ್ನೇ ಅನ್ನುತ್ತಿದ್ದಳೋ ಏನೋ.

ನನಗೆ ನಿಜಕ್ಕೂ ಬರೆಯಬೇಕೆನಿಸುತ್ತಿದ್ದದ್ದು ಬೇರೆ. ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನ ತಾರಸಿ ಹತ್ತಿದರೆ ಎದುರು ಬ್ಲಾಕಿನ ಬೆನ್ನು ಕಾಣುತ್ತದೆ. ಕಿಟಕಿಗಳಿಗೆ ಕೂರಿಸಿದ ತುಕ್ಕು ಹಿಡಿದ ಕೂಲರುಗಳು, ನೀರಿಳಿದ ಕಲೆ, ಒಣಹಾಕಿದ ರಜಾಯಿ. ಅದನ್ನೇ ಸಣ್ಣದಾಗಿ ಬರೆದುಕೊಂಡು, ನನ್ನ ದಾರಿ ಇದೇ ಇರಬಹುದೇ ಎಂದು ಕೇಳಲು ಗುರುಗ್ರಾಮದಲ್ಲಿ ನಡೆದ ಕಲಾ ಶಿಬಿರಕ್ಕೆ ಹೋದೆ. ಶಿಬಿರದ ಗುರುಮಾತೆ ನಮ್ಮೆಲ್ಲರನ್ನೂ ಚಾಪೆಯ ಮೇಲೆ ಕಣ್ಣು ಮುಚ್ಚಿಸಿ ಕೂರಿಸಿ, ಅವರವರ ಬೇರಿನವರೆಗೆ ಉಸಿರೆಳೆದುಕೊಳ್ಳಲು ಹೇಳಿದರು. ನವೆಂಬರ್ ಹತ್ತಿರವಾಗಿತ್ತು, ಹೊಗೆ ತುಂಬಿದ ಆ ಗಾಳಿಯಲ್ಲಿ ಅಷ್ಟು ಆಳಕ್ಕೆ ಉಸಿರೆಳೆದವರಿಗೆಲ್ಲ ಕೆಮ್ಮು ಬಂತು. ಆಮೇಲೆ ಅವರು ನನ್ನ ಚಿತ್ರ ನೋಡಿ, "ಅಚ್ಛಾ, ನೀವು ಸೌತ್‌ನವರಲ್ಲವೇ? ಇದರಲ್ಲಿ ನಿಮ್ಮ ತೆಂಗಿನಮರ ಎಲ್ಲಿದೆ?" ಎಂದು ಹಿಂದಿಯಲ್ಲಿ ಕೇಳಿದರು.

ಮೈಯೆಲ್ಲ ಉರಿದುಹೋಯಿತು. ನಮ್ಮವರಿಗೆ ಜೋಗ ಬೇಕು, ಇವರಿಗೆ ತೆಂಗಿನಮರ. ನಾನು ಕಂಡದ್ದು ಯಾರಿಗೂ ಬೇಡ. ಈ ಸಲದ ಪರದೆ ಮುಗಿಸಿ ಬ್ರಷ್ಷುಗಳನ್ನು ಅಟ್ಟಕ್ಕೆ ಹಾಕುವುದೆಂದು ನಿರ್ಧರಿಸಿಬಿಟ್ಟೆ.

ಜೋಗ ಬೇಗ ಮುಗಿಯಿತು, ಎಡಕ್ಕೇ ಹರಿಯಿತು. ಬಣ್ಣ ಉಳಿದಿತ್ತು. ಹೇಗಿದ್ದರೂ ಕೊನೆಯ ಸಲ, ಯಾರು ನೋಡುತ್ತಾರೆ ಎಂದುಕೊಂಡು ಪರದೆಯನ್ನು ಮಗುಚಿ, ಹಿಂಬದಿಯ ತುಂಬ ಎದುರು ಬ್ಲಾಕನ್ನು ಬರೆದೆ. ಯಾರ ಸಲಹೆಯೂ ಇಲ್ಲದೆ ಬರೆದ ಆ ಎರಡು ದಿನ ನಾನು ಬಹಳ ಸುಖವಾಗಿದ್ದೆ.

ಕಾರ್ಯಕ್ರಮ ಪೀತಮ್‌ಪುರದ ಸಭಾಂಗಣದಲ್ಲಿ. ನಾವು ತಲುಪುವಷ್ಟರಲ್ಲಿ ಪರದೆ ಕಟ್ಟಿಯಾಗಿತ್ತು. ಕಟ್ಟಿದವರು ಪಿಎಚ್‌ಡಿ ಮಾಡುತ್ತಿದ್ದ ಇಬ್ಬರು ಹುಡುಗರು. ಎರಡೂ ಕಡೆ ಚಿತ್ರವಿದ್ದದ್ದು ನೋಡಿ ದೀರ್ಘವಾಗಿ ಚರ್ಚಿಸಿ, ಬಗೆಬಗೆಯ ಬಣ್ಣ ಹೆಚ್ಚಿರುವ ಕಡೆಯೇ ಮುಂಬದಿ ಎಂಬ ನಿರ್ಣಯಕ್ಕೆ ಬಂದರಂತೆ.

ತೆರೆ ಸರಿಯಿತು. ಪ್ರಾರ್ಥನೆಗೆ ನಿಂತ ರೇಷ್ಮೆ ಲಂಗದ ಮಕ್ಕಳ ಹಿಂದೆ ಕನ್ನಡ ನಾಡು ಇರಲಿಲ್ಲ. ಪ್ಲಾಸ್ಟಿಕ್ ಹೊದ್ದ ಕೂಲರುಗಳು ಸಾಲಾಗಿ ಕೂತಿದ್ದವು. ಕಾರ್ಯದರ್ಶಿಗಳು ಮುಂದಿನ ಸಾಲಿನಿಂದ ತಿರುಗಿ ನನ್ನನ್ನು ನುಂಗುವಂತೆ ನೋಡಿದರು. ನನಗೆ ಕುರ್ಚಿಯ ಕೆಳಗೆ ತೂರಿಕೊಳ್ಳುವಂತಾಯಿತು. ಅಷ್ಟರಲ್ಲಿ ಹಿಂದೆಲ್ಲೋ ಒಂದು ಮಗು, "ಮಮ್ಮಿ, ದೇಖೋ, ಅಪ್ನಾ ಕೂಲರ್" ಎಂದಿತು.

"ಹೌದಲ್ಲೇ, ನಮ್ಮ ಬ್ಲಾಕೇ," ಎಂದಳು ತಾಯಿ.

"ನಿಮ್ಮದೆಲ್ಲಿ ಬಂತು? ಅದು ಪೀತಮ್‌ಪುರ. ಆ ಪೈಪು ನೋಡಿ, ಹೋದ ವರ್ಷ ನಾವೇ ಹಾಕ್ಸಿದ್ದು," ಎಂದರು ಪಕ್ಕದವರು.

ಮುಖ್ಯ ಅತಿಥಿಗಳು ಕನ್ನಡದ ಭವ್ಯ ಪರಂಪರೆಯ ಬಗ್ಗೆ ಮಾತಾಡುತ್ತಿದ್ದಷ್ಟು ಹೊತ್ತೂ ಸಭಿಕರು ಅವರ ಭುಜದಾಚೆ ತಮ್ಮ ತಮ್ಮ ಬಾಲ್ಕನಿ ಹುಡುಕುತ್ತಿದ್ದರು.

ಊಟದ ಹೊತ್ತಿಗೆ ಗಾಳಿ ಬೀಸಿದ ದಿಕ್ಕು ಕಾರ್ಯದರ್ಶಿಗಳಿಗೆ ತಿಳಿದಿತ್ತು. ಬಿಸಿಬೇಳೆಭಾತಿನ ತಟ್ಟೆ ಹಿಡಿದು ಬಂದು, "ಮುಂದಿನ ವರ್ಷಾನೂ ಇದೇ ಇರ್ಲಿ. ಕೂಲರ್ ಪಕ್ಕದಲ್ಲಿ ಒಂದು ಸಣ್ಣ ಜೋಗ ಬರ್ಲಿ, ಅಷ್ಟೇ," ಎಂದರು.

"ಆಗಲ್ಲ ಸಾರ್," ಎಂದೆ. ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಮನೆಗೆ ಮರಳುವಾಗ ಕ್ಯಾಬಿನಲ್ಲಿ ಹೆಂಡತಿಯ ಬಾಯಿಂದ "ಚೆನ್ನಾಗಿದೆ" ಎಂಬ ಮಾತು ಬರಲಿಲ್ಲ. ಅರ್ಧ ದಾರಿ ಕಳೆದ ಮೇಲೆ, "ಎದುರು ಬ್ಲಾಕಿನ ಮೂರನೇ ಮಹಡೀಲಿ ಹಗ್ಗದ ಕೆಳಗೊಂದು ಹಸಿರು ಬಕೆಟ್ ಇರುತ್ತಲ್ರೀ, ಅದನ್ನ ನೀಲಿ ಮಾಡಿಟ್ಟಿದ್ದೀರಿ," ಎಂದಳು.

"ಅದು ನೀಲೀನೇ."

"ದಿನಾ ಅಡುಗೆಮನೆ ಕಿಟಕೀಲಿ ನೋಡ್ತೀನಿ. ಹಸಿರು."

ವಸಂತ್ ಕುಂಜ್ ಬರುವತನಕ ಜಗಳವಾಡಿದೆವು. ನನಗೆ ಹೇಳಲಾಗದಷ್ಟು ಖುಷಿಯಾಗಿತ್ತು. ನನ್ನ ಚಿತ್ರದಲ್ಲಿ ತಪ್ಪು ಹಿಡಿಯುವಷ್ಟು ಹೊತ್ತು ಅವಳು ಅದನ್ನು ನೋಡಿದ್ದಳು.

ಬೆಳಿಗ್ಗೆ ಎದ್ದವನೇ ಅಡುಗೆಮನೆ ಕಿಟಕಿಗೆ ಹೋದೆ. ಅವಳಾಗಲೇ ಅಲ್ಲಿ ನಿಂತಿದ್ದಳು. ಬಕೆಟ್ಟು ಹಸಿರಾಗಿತ್ತು. ಕಾರ್ಖಾನೆಗೆ ರಜೆ ಹೇಳಿ, ಬ್ರಷ್ಷು ತೊಳೆದುಕೊಂಡು ತಾರಸಿ ಹತ್ತಿದೆ.